ನೇಜಿಯ ಹಾಡು ಮತ್ತು ಮಿದುಳಿನ ಪುಸ್ತಕ

ಸಂಗೀತ ಕೇಳುವಾಗ ಮಿದುಳಿನಲ್ಲಿ ಏನು ನಡೆಯುತ್ತದೆ ಎಂದು ಸಾಮಾನ್ಯ ಓದುಗರಿಗೆ ತಿಳಿಸಿಹೇಳುವ ಪುಸ್ತಕಗಳಿಗೆ ಈಗ ಬರವಿಲ್ಲ. ಡೇನಿಯಲ್ ಲೆವಿಟಿನ್ ಅವರ ‘ದಿಸ್ ಈಸ್ ಯುವರ್ ಬ್ರೈನ್ ಆನ್ ಮ್ಯೂಸಿಕ್’ 2006ರಲ್ಲಿ ಬಂತು. ಆಲಿವರ್ ಸ್ಯಾಕ್ಸ್ ಅವರ ‘ಮ್ಯೂಸಿಕೋಫಿಲಿಯಾ’ ಮರುವರ್ಷ. ಆಮೇಲೆ ಬಂದವು ಇನ್ನೆಷ್ಟೋ. ಓದುವುದಕ್ಕೆ ಇವು ಸೊಗಸಾಗಿರುತ್ತವೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕ್ಲೈವ್ ವೇರಿಂಗ್ ಎಂಬ ಇಂಗ್ಲೆಂಡಿನ ಸಂಗೀತಗಾರರ ಕತೆಯನ್ನು ಸ್ಯಾಕ್ಸ್ ಹೇಳುತ್ತಾರೆ. 1985ರಲ್ಲಿ ಮಿದುಳಿಗೆ ಸೋಂಕು ತಗಲಿದ ಮೇಲೆ ಅವರಿಗೆ ಅರೆಗಳಿಗೆಯ ಹಿಂದಿನದೂ ನೆನಪಿನಲ್ಲಿ ನಿಲ್ಲದೆಹೋಯಿತು. ಹೆಂಡತಿ ಒಳಕೋಣೆಗೆ ಹೋಗಿ ಬಂದರೂ ವರ್ಷಗಳ ಮೇಲೆ ಕಂಡವರಂತೆ ಅಪ್ಪಿಕೊಳ್ಳುತ್ತಿದ್ದರು. ಅದೇ ಮನುಷ್ಯ ಪಿಯಾನೊ ಮುಂದೆ ಕೂತರೆ ಕೃತಿ ಮೊದಲಿನಿಂದ ಕೊನೆಯವರೆಗೆ ಬೆರಳುಗಳಲ್ಲಿ ಹರಿದುಬರುತ್ತಿತ್ತು. ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಕೆಲವರು ಹಾಡನ್ನು ಮಾತ್ರ ಪದಸಹಿತ ಹಾಡಬಲ್ಲರು. ಆ ದಾರಿಯಿಂದಲೇ ಮಾತನ್ನು ಮರಳಿ ತರಿಸುವ ಚಿಕಿತ್ಸೆ 1970ರ ದಶಕದಿಂದ ಬಳಕೆಯಲ್ಲಿದೆ. ಇಂಥದ್ದನ್ನು ಓದಿದ ಮೇಲೆ ಹಾಡು ಎಂದರೆ ಬರಿಯ ಮನರಂಜನೆ ಎಂದು ಯಾರೂ ಹೇಳಲಾರರು.

ಮೈ ಜುಮ್ಮೆನ್ನುವುದರ ಬಗ್ಗೆಯೂ ಒಂದು ಪ್ರಯೋಗವಿದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವಲೋರಿ ಸಲೀಂಪುರ್, ರಾಬರ್ಟ್ ಝಟೋರೆ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ್ದು. ಸಂಗೀತ ಕೇಳಿ ಮೈನವಿರೇಳುವ ಅಭ್ಯಾಸವಿದ್ದವರನ್ನು ಆರಿಸಿ, ಅವರವರ ಮೆಚ್ಚಿನ ಸಂಗೀತವನ್ನೇ ಕೇಳಿಸುತ್ತ ಮಿದುಳಿನ ಚಿತ್ರ ತೆಗೆದರು. ಮೈ ಜುಮ್ಮೆನ್ನುವ ಗಳಿಗೆಗೆ ತುಸು ಮುಂಚೆ, ‘ಈಗ ಬರುತ್ತದೆ’ ಎಂದು ಕಾಯುವಾಗಲೇ, ಡೋಪಮೈನ್ ಎಂಬ ರಾಸಾಯನಿಕ ಒಂದು ಭಾಗದಲ್ಲಿ ಸುರಿಯುತ್ತದೆ. ಆ ಗಳಿಗೆ ಬಂದಾಗ ಇನ್ನೊಂದು ಭಾಗದಲ್ಲಿ. ಯಕ್ಷಗಾನದ ಆಟದಲ್ಲಿ ಚೆಂಡೆ ಏರುತ್ತ ಏರುತ್ತ ವೇಷ ಇನ್ನೂ ಪರದೆಯ ಹಿಂದೆಯೇ ಇರುವ ಹೊತ್ತಿನ ಸುಖವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಪ್ರಯೋಗದ ಒಂದು ಷರತ್ತು ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ. ಕೇಳಿಸಿದ ಸಂಗೀತವೆಲ್ಲ ವಾದ್ಯದ್ದು. ಪದಗಳಿದ್ದ ಹಾಡಿಗೆ ಅಲ್ಲಿ ಪ್ರವೇಶವಿರಲಿಲ್ಲ. ಪ್ರಯೋಗದ ದೃಷ್ಟಿಯಿಂದ ಇದು ಸರಿಯೇ: ಪದ ಬಂದರೆ ಅರ್ಥ ಬರುತ್ತದೆ, ಅರ್ಥ ಬಂದರೆ ಬದುಕು ಬರುತ್ತದೆ, ಆಗ ಯಾವುದು ನಾದದ ಕೆಲಸ, ಯಾವುದು ಮಾತಿನ ಕೆಲಸ ಎಂದು ಬೇರ್ಪಡಿಸಲಾಗದು.

ಈ ಪುಸ್ತಕಗಳಲ್ಲೆಲ್ಲ ಒಂದು ಹಂತದಲ್ಲಿ ‘ಸಂಗೀತ ಏಕಿದೆ, ಅದರಿಂದ ನಮಗೇನು ಲಾಭ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸ್ಟೀವನ್ ಪಿಂಕರ್ 1997ರಲ್ಲಿ, ಸಂಗೀತ ಕಿವಿಗೆ ಉಣಿಸುವ ಸಿಹಿತಿಂಡಿ ಇದ್ದಂತೆ, ಅದಿಲ್ಲದೆಯೂ ಮನುಷ್ಯ ಜಾತಿ ಬದುಕಿ ಉಳಿಯುತ್ತಿತ್ತು ಎಂಬರ್ಥದಲ್ಲಿ ಬರೆದು ಸಂಗೀತಪ್ರಿಯರನ್ನೆಲ್ಲ ಕೆಣಕಿದರು. ಅಂದಿನಿಂದ, ಇಲ್ಲ, ಸಂಗೀತದಿಂದ ಬಹಳ ಉಪಯೋಗವಿದೆ ಎಂದು ಸಾಧಿಸುವುದೇ ಇನ್ನೊಂದು ಪಕ್ಷದ ಕೆಲಸವಾಯಿತು. ಉಪಯೋಗದ ಹುಚ್ಚು ಅದಕ್ಕೂ ಮೊದಲೇ ಶುರುವಾಗಿತ್ತೆನ್ನಿ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು: ಮೊಝಾರ್ಟನ ಸೊನಾಟಾ ಒಂದನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸುವ ಲೆಕ್ಕಗಳನ್ನು ತುಸು ಚೆನ್ನಾಗಿ ಬಿಡಿಸಿದರು, ಪರಿಣಾಮ ಕಾಲು ಗಂಟೆಯೊಳಗೆ ಇಳಿದುಹೋಯಿತು. ಐದು ವರ್ಷ ಕಳೆಯುವಷ್ಟರಲ್ಲಿ ಇದು ‘ಮೊಝಾರ್ಟ್ ಕೇಳಿದ ಮಗು ಜಾಣವಾಗುತ್ತದೆ’ ಎಂದಾಗಿ, 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಹಂಚಲು ಹಣ ಕೇಳಿದರು. ಸಂಗೀತ ಕ್ಲಾಸಿಗೆ ಕಳಿಸಿದರೆ ಗಣಿತದಲ್ಲಿ ಅಂಕ ಬರುತ್ತದೆ ಎನ್ನುವ ನಮ್ಮೂರುಗಳ ತಂದೆತಾಯಂದಿರು ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತಿದ್ದಾರೆ. ಮಗುವಿನ ಹಾಡು ಯಾರದೋ ಗುರಿಗೆ ಏಣಿಯಾಗುತ್ತದೆ.

ನನಗೆ ನಿಜಕ್ಕೂ ತೊಡಕಾಗಿ ಕಂಡದ್ದು ಇನ್ನೊಂದು ಪ್ರಯೋಗ. ಇದರಲ್ಲಿ ಸಂಗೀತವೇ ಇಲ್ಲ, ಆದರೆ ಸಂಗೀತದ ಉಪಯೋಗ ಹೇಳುವವರು ಇದನ್ನು ಬಿಡುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಸ್ಪರ್ಧೆಯ ಹನ್ನೆರಡು ಹುಡುಗರನ್ನು ಹುಟ್ಟು ಹಾಕುವ ವ್ಯಾಯಾಮದ ಯಂತ್ರಗಳ ಮೇಲೆ ಕೂರಿಸಿದರು. ಒಂದು ಸಲ ಒಬ್ಬೊಬ್ಬರೇ, ಇನ್ನೊಂದು ಸಲ ತಂಡವಾಗಿ, ಒಂದೇ ಲಯದಲ್ಲಿ. ಪ್ರತಿ ಸಲವೂ ಮುಕ್ಕಾಲು ಗಂಟೆ. ಮುಗಿದ ಕೂಡಲೇ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ ಬಿಗಿಸುತ್ತ ಹೋದರು. ನೋವಾಗುತ್ತಿದೆ ಎಂದು ಹುಡುಗ ಹೇಳಿದಾಗ ನಿಲ್ಲಿಸುವುದು, ಆ ಅಂಕಿಯನ್ನು ಬರೆದುಕೊಳ್ಳುವುದು. ಒಟ್ಟಿಗೆ ಹುಟ್ಟು ಹಾಕಿದ ದಿನ ಅವರು ಹೆಚ್ಚು ಬಿಗಿತವನ್ನು ತಾಳಿಕೊಂಡರು. ಹಾಕಿದ ಶ್ರಮ ಎರಡೂ ಸಲ ಒಂದೇ. ಹೆಚ್ಚಿದ್ದು ನೋವು ತಾಳುವ ಶಕ್ತಿ. 2010ರ ಈ ಪ್ರಯೋಗದಲ್ಲಿ ಭಾಗಿಯಾಗಿದ್ದ ರಾಬಿನ್ ಡನ್‌ಬಾರ್ 2012ರಲ್ಲಿ ಇನ್ನೊಂದನ್ನು ಪ್ರಕಟಿಸಿದರು. ಹಾಡಿದವರಲ್ಲಿ, ಕುಣಿದವರಲ್ಲಿ, ಡ್ರಮ್ ಬಾರಿಸಿದವರಲ್ಲಿ ನೋವು ತಾಳುವ ಶಕ್ತಿ ಏರಿತು. ಸುಮ್ಮನೆ ಸಂಗೀತ ಕೇಳುತ್ತ ಕೂತವರಲ್ಲಿ ಏರಲಿಲ್ಲ. ಮೈಯೊಳಗೇ ಹುಟ್ಟುವ ನೋವುಶಾಮಕವಾದ ಎಂಡಾರ್ಫಿನ್ ಇದಕ್ಕೆ ಕಾರಣವೆಂದು ಅವರ ವಾದ. ಕೂಡಿ ದುಡಿಯುವಾಗ ಲಯ ನೋವನ್ನು ತಗ್ಗಿಸುತ್ತದೆ, ನೋವು ತಗ್ಗಿದವರು ಪರಸ್ಪರ ಹತ್ತಿರವಾಗುತ್ತಾರೆ, ಗುಂಪು ಗಟ್ಟಿಯಾಗುತ್ತದೆ, ಆದ್ದರಿಂದ ಸಂಗೀತ ಉಳಿದುಬಂತು. ಪುಸ್ತಕಗಳು ಇಲ್ಲಿಗೆ ಸಂತೋಷದಿಂದ ಪುಟ ಮಗುಚುತ್ತವೆ.

ಈ ಪುಟವನ್ನು ವೇಣೂರಿನಲ್ಲಿ ಓದಿದರೆ ಅಷ್ಟು ಬೇಗ ಮಗುಚಲಾಗುವುದಿಲ್ಲ. ಬೆಳ್ತಂಗಡಿ ತಾಲೂಕಿನ ಈ ಊರು ಫಲ್ಗುಣಿ ಹೊಳೆಯ ದಂಡೆಯಲ್ಲಿದೆ. ಹೊರಗಿನವರಿಗೆ ಗೊತ್ತಿರುವುದು ಇಲ್ಲಿಯ ಬಾಹುಬಲಿ, ಬಸದಿಗಳು, ಕಂಬಳ. ಆದರೆ ಅಡಿಕೆ, ರಬ್ಬರು ಗುಡ್ಡದಿಂದ ಬಯಲಿಗೆ ಇಳಿಯುವ ಮೊದಲು ಊರೆಂದರೆ ಗದ್ದೆಯೇ. ಏಣೆಲು ಬೆಳೆಗೆ ಮಳೆಗಾಲದ ಮೊದಲ ಭಾಗದಲ್ಲಿ ನೇಜಿ ನೆಡಬೇಕು. ನೆಡುವವರು ಹೆಂಗಸರು. ಮೊಣಕಾಲವರೆಗೆ ಕೆಸರು, ಮೇಲಿಂದ ಬಿಡದ ಮಳೆ, ಸೊಂಟ ಬಾಗಿಸಿದರೆ ಗದ್ದೆಯ ಅಂಚು ಮುಟ್ಟುವವರೆಗೆ ನೆಟ್ಟಗಾಗುವಂತಿಲ್ಲ. ಒಬ್ಬಳು ಹಾಡಿನ ಸಾಲೆತ್ತುತ್ತಾಳೆ, ಉಳಿದವರು ‘ಓ ಬೇಲೆ’ ಎಂದು ದನಿಗೂಡಿಸುತ್ತಾರೆ. ಬೇಲೆ ಎಂದರೆ ತುಳುವಿನಲ್ಲಿ ಕೆಲಸ. ಹಾಡಿಗೆ ಹೆಸರೇ ಕೆಲಸ. ಒಂದು ಉಸಿರಿನಷ್ಟು ಉದ್ದದ ಸಾಲು, ಅದರೊಳಗೆ ಕೈಯಲ್ಲಿನ ನೇಜಿ ನೆಲಕ್ಕೆ ಊರಿ ಹೆಜ್ಜೆ ಹಿಂದಕ್ಕೆ ಬರುತ್ತದೆ. ನಿಧಾನಗತಿಯವಳನ್ನು ಲಯ ಎಳೆದುಕೊಳ್ಳುತ್ತದೆ, ಅವಸರದವಳನ್ನು ಹಿಡಿದು ನಿಲ್ಲಿಸುತ್ತದೆ. ಆಕ್ಸ್‌ಫರ್ಡಿನ ಹುಡುಗರಿಗೆ ಮುಕ್ಕಾಲು ಗಂಟೆ. ಇಲ್ಲಿ ಬೆಳಗಿನಿಂದ ಮುಸ್ಸಂಜೆ.

ಡನ್‌ಬಾರ್ ಹೇಳಿದ್ದು ನಿಜವಾಗಿದ್ದರೆ, ಮತ್ತು ನಿಜವಲ್ಲವೆನ್ನಲು ನನಗೆ ಕಾರಣವಿಲ್ಲ, ಆ ಹಾಡು ಆ ಸೊಂಟಗಳ ನೋವನ್ನು ಖಂಡಿತ ಕಡಿಮೆ ಮಾಡಿರಬೇಕು. ಹಾಡಿದವರಿಗೆ ಮಾತ್ರ, ಕೇಳಿದವರಿಗಲ್ಲ. ಹಾಗಾದರೆ ಕಟ್ಟಪುಣಿಯ ಮೇಲೆ ಕೊಡೆ ಹಿಡಿದು ನಿಂತ ಧಣಿಗೆ ಹಾಡಿನಿಂದ ಏನೂ ಸಿಗಲಿಲ್ಲವೇ? ಅವನಿಗೆ ಎಂಡಾರ್ಫಿನ್ ಸಿಗಲಿಲ್ಲ, ಗದ್ದೆ ಸಿಕ್ಕಿತು. ನೋವು ತಡವಾಗಿ ಗೊತ್ತಾಗುವ ಮೈ ಇನ್ನೊಂದು ಗಂಟೆ ಹೆಚ್ಚು ಬಾಗಿರುತ್ತದೆ. ಆ ಒಂದು ಗಂಟೆಯ ಬೆಳೆ ಯಾರ ಕಣಜಕ್ಕೆ ಹೋಯಿತು ಎಂಬುದು ಮಿದುಳಿನ ಯಾವ ಚಿತ್ರದಲ್ಲೂ ಕಾಣಿಸುವುದಿಲ್ಲ. ಪುಸ್ತಕಗಳಲ್ಲಿ ಬರುವ ‘ಗುಂಪು’ ಎಂಬ ಪದವನ್ನು ನಾನು ಅನುಮಾನದಿಂದ ನೋಡತೊಡಗಿದ್ದು ಇಲ್ಲಿಂದ. ಸಂಗೀತ ಗುಂಪನ್ನು ಗಟ್ಟಿಗೊಳಿಸುತ್ತದೆ ಎನ್ನುತ್ತಾರೆ. ಯಾವ ಗುಂಪು? ನೆಡುವ ಹೆಂಗಸರ ಗುಂಪೋ, ಧಣಿಯೂ ಆಳುಗಳೂ ಸೇರಿದ ಗುತ್ತಿನ ಮನೆಯೆಂಬ ಗುಂಪೋ? ಮೊದಲನೆಯದು ಗಟ್ಟಿಯಾದರೆ ಒಂದು ದಿನ ಕೂಲಿ ಹೆಚ್ಚು ಕೇಳೀತು. ಎರಡನೆಯದು ಗಟ್ಟಿಯಾದರೆ ಯಾರೂ ಏನೂ ಕೇಳುವುದಿಲ್ಲ.

ಕೆಲಸಕ್ಕೂ ಹಾಡಿಗೂ ಇರುವ ನಂಟನ್ನು ಕುರಿತು ಯೋಚಿಸಿದವರು ಹಿಂದೆಯೂ ಇದ್ದರು. ಜರ್ಮನಿಯ ಅರ್ಥಶಾಸ್ತ್ರಜ್ಞ ಕಾರ್ಲ್ ಬ್ಯೂಖರ್ 1896ರಲ್ಲಿ ‘ದುಡಿಮೆ ಮತ್ತು ಲಯ’ ಎಂಬ ಅರ್ಥದ ಹೆಸರಿನ ಪುಸ್ತಕವನ್ನೇ ಬರೆದು, ಹಾಡು ಹುಟ್ಟಿದ್ದೇ ದುಡಿಮೆಯ ಲಯದಿಂದ ಎಂದು ವಾದಿಸಿದ. ಆದರೆ ಅದಕ್ಕೂ ಅರ್ಧ ಶತಮಾನ ಮೊದಲೇ ಈ ಪ್ರಶ್ನೆಯ ತಿರುಳಿಗೆ ಕೈಹಾಕಿದವನು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್. 1845ರ ತನ್ನ ಆತ್ಮಕಥೆಯಲ್ಲಿ ಆತ, ಗುಲಾಮರು ಹಾಡುವುದನ್ನು ಕೇಳಿ ಅವರು ಸುಖವಾಗಿದ್ದಾರೆಂದು ತಿಳಿಯುವವರನ್ನು ಕಂಡು ಬೆರಗಾಗುತ್ತಾನೆ; ಅತಿ ದುಃಖದಲ್ಲಿರುವಾಗಲೇ ಅವರು ಹೆಚ್ಚು ಹಾಡುವುದು ಎನ್ನುತ್ತಾನೆ. ಹತ್ತು ವರ್ಷಗಳ ಮೇಲೆ ಬರೆದ ಇನ್ನೊಂದು ಪುಸ್ತಕದಲ್ಲಿ, ಮೌನವಾಗಿ ದುಡಿಯುವ ಗುಲಾಮನನ್ನು ಒಡೆಯರು ಮೆಚ್ಚುತ್ತಿರಲಿಲ್ಲ, ಹಾಡುವಂತೆ ಹೇಳುತ್ತಿದ್ದರು ಎಂದೂ ಬರೆಯುತ್ತಾನೆ. ಹಾಡಬೇಕೆಂಬ ಅಪ್ಪಣೆ! ಹಾಡುವವನ ಗಂಟಲೂ ಒಡೆಯನ ಹತ್ಯಾರುಗಳ ಪಟ್ಟಿಗೆ ಸೇರಿತು. ತುಳುನಾಡಿನ ಮೂಲದಾಳುಗಳ ಬದುಕೂ ಅಮೆರಿಕದ ಗುಲಾಮಗಿರಿಯೂ ಒಂದೇ ಎಂದು ಹೇಳುತ್ತಿಲ್ಲ. ಆದರೆ ಗದ್ದೆಯಿಂದ ಕೇಳಿಬರುವ ಹಾಡನ್ನು ‘ಆಹಾ, ಹಳ್ಳಿಯ ಬದುಕಿನ ಸಂತಸ’ ಎಂದು ಸವಿಯುವ ಕಿವಿ ಎರಡೂ ಕಡೆ ಒಂದೇ.

ವೇಣೂರಿನ ಬಾಹುಬಲಿಯ ಮುಂದೆ ನಿಂತಾಗಲೂ ಈ ಯೋಚನೆ ಬಿಡುವುದಿಲ್ಲ. ಏಕಶಿಲೆಯ ಮೂರ್ತಿ, ಎತ್ತರ ಸುಮಾರು 35 ಅಡಿ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು. ಮೂರ್ತಿಯನ್ನು ಕಡೆದದ್ದು ಕಲ್ಯಾಣಿ ಎಂಬಲ್ಲಿ, ಅಲ್ಲಿಂದ ಇಲ್ಲಿಗೆ ಎಳೆತಂದರು ಎಂದು ಊರಿನವರು ಹೇಳುತ್ತ ಬಂದಿದ್ದಾರೆ. ಕಾರ್ಕಳದ ಅರಸ ಇದನ್ನು ಸಹಿಸದೆ ಯುದ್ಧಕ್ಕೆ ಬಂದಾಗ ಅಜಿಲ ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟಿದ್ದ ಎಂಬ ಕತೆಯೂ ಇದೆ. ಶಾಸನದಲ್ಲಿ ಅರಸನ ಹೆಸರಿದೆ, ಗುರು ಚಾರುಕೀರ್ತಿಗಳ ಹೆಸರಿದೆ. ಹಗ್ಗ ಹಿಡಿದವರ ಹೆಸರಿಲ್ಲ, ಇರುವ ಪದ್ಧತಿಯೂ ಅಲ್ಲ. ಅಷ್ಟು ದೊಡ್ಡ ಕಲ್ಲನ್ನು ನೂರಾರು ಜನ ಒಂದೇ ಗಳಿಗೆಗೆ ಎಳೆಯದಿದ್ದರೆ ಅದು ಅಲುಗುವುದಿಲ್ಲ. ಒಂದೇ ಗಳಿಗೆಗೆ ಎಳೆಯಬೇಕಾದರೆ ಒಂದು ಕೂಗು ಬೇಕು, ಅದಕ್ಕೊಂದು ಲಯ ಬೇಕು. ಆ ಕೂಗಿನ ಲಯ ಅವರ ಅಂಗೈಯ ಉರಿಯನ್ನು ಮರೆಸಿರಲೂ ಸಾಕು. ಅವರಲ್ಲಿ ಕೆಲವರಿಗೆ ಅದು ಭಕ್ತಿಯ ಕೆಲಸವೇ ಆಗಿದ್ದಿರಬಹುದು, ಕೆಲವರಿಗೆ ಬಿಟ್ಟಿಯ ಕೆಲಸ. ಇಬ್ಬರ ಮೈಯಲ್ಲೂ ಹುಟ್ಟಿದ ರಾಸಾಯನಿಕ ಮಾತ್ರ ಒಂದೇ. (1970ರ ದಶಕದಲ್ಲಿ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈ ಕಡೆದ 39 ಅಡಿಯ ಬಾಹುಬಲಿ ಧರ್ಮಸ್ಥಳಕ್ಕೆ ಬಂದದ್ದು ಹತ್ತಾರು ಚಕ್ರಗಳ ವಾಹನದ ಮೇಲೆ. ಎಂಜಿನ್ನಿಗೆ ಹಾಡು ಬೇಕಾಗುವುದಿಲ್ಲ.)

ಒಂದೇ ರಾಸಾಯನಿಕ, ಎರಡು ಅರ್ಥ. ಇದು ಎಲ್ಲಕ್ಕಿಂತ ಕಟುವಾಗಿ ಕಾಣುವುದು ಕೊರಗರ ಡೋಲಿನಲ್ಲಿ. ಕಂಬಳದ ಹಿಂದಿನ ರಾತ್ರಿ ಕೊರಗರು ಕೆರೆಗದ್ದೆಯ ಬಳಿ ಇಬ್ಬನಿಯಲ್ಲಿ ಕೂತು ಬೆಳಗಾಗುವವರೆಗೆ ಡೋಲು ಬಾರಿಸುವ ಪದ್ಧತಿ ತುಳುನಾಡಿನಲ್ಲಿತ್ತು. ಪನಿ ಕುಲ್ಲುನು ಎಂದು ಅದಕ್ಕೆ ಹೆಸರು, ಅಂದರೆ ಇಬ್ಬನಿಯಲ್ಲಿ ಕೂರುವುದು. ಮಿದುಳಿನ ಪುಸ್ತಕದ ಪ್ರಕಾರ ನೋಡಿದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು: ಗುಂಪು, ಲಯ, ಡೋಲು, ರಾತ್ರಿಯಿಡೀ. ಚಳಿಯನ್ನೂ ಹಸಿವನ್ನೂ ಅದು ಮರೆಸಿರಬಹುದು. ಆದರೆ ಅವರನ್ನು ಅಲ್ಲಿ ಕೂರಿಸಿದ್ದು ಅಜಲು, ಜಾತಿಯ ಕಾರಣಕ್ಕೆ ಹೇರಿದ ಚಾಕರಿ. 2000ದಲ್ಲಿ ಕರ್ನಾಟಕ ಸರಕಾರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ತಂದಿತು. ಕೊರಗರನ್ನು ಕೀಳುಮನುಷ್ಯರೆಂದು ಬೇರೆಯಾಗಿ ಕಾಣುವುದು, ಕೂದಲು ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದು, ಇವನ್ನು ಅದು ಹೆಸರಿಟ್ಟು ಹೇಳುತ್ತದೆ. ಕಾಯಿದೆಯ ಭಾಷೆ ಒಣಕಲು. ಆದರೂ ಸಂಗೀತದ ಬಗ್ಗೆ ಬರೆದ ಎಷ್ಟೋ ಚಂದದ ಪುಸ್ತಕಗಳು ಕೇಳದ ಪ್ರಶ್ನೆಯನ್ನು ಅದು ಕೇಳಿತು: ಇಲ್ಲಿ ಯಾರು ಯಾರಿಗೆ ಏನು ಮಾಡುತ್ತಿದ್ದಾರೆ? ಇಂದು ಕೊರಗರ ತರುಣರ ತಂಡಗಳು ವೇದಿಕೆಯ ಮೇಲೆ ಅದೇ ಡೋಲನ್ನು ಬಾರಿಸುತ್ತವೆ. ಚರ್ಮ ಅದೇ, ಕೋಲು ಅದೇ, ಪೆಟ್ಟೂ ಅದೇ ಇದ್ದೀತು. ಬೇಡವೆನಿಸಿದ ದಿನ ಡೋಲನ್ನು ಕೆಳಗಿಡಬಹುದು ಎಂಬುದೊಂದು ಬೇರೆ.

ಆಕ್ಸ್‌ಫರ್ಡಿನ ಪ್ರಯೋಗಕ್ಕೆ ಮತ್ತೆ ಹೋಗುತ್ತೇನೆ. ಅಲ್ಲಿ ನೋವನ್ನು ಅಳೆದದ್ದು ಹೇಗೆ? ಪಟ್ಟಿ ಬಿಗಿಯುತ್ತಿದ್ದಂತೆ ಹುಡುಗ ಸಾಕು ಎನ್ನುತ್ತಾನೆ, ಅಲ್ಲಿಗೆ ಬಿಗಿಯುವುದು ನಿಲ್ಲುತ್ತದೆ. ಎಂದರೆ ಆ ಇಡೀ ಪ್ರಯೋಗ ನಿಂತಿರುವುದು ಸಾಕು ಎನ್ನುವ ಅಧಿಕಾರದ ಮೇಲೆ. ಆ ಅಧಿಕಾರ ಇಲ್ಲದಿದ್ದರೆ ಅಳತೆಯೇ ಇಲ್ಲ. ಪ್ರಯೋಗಶಾಲೆಯಲ್ಲಿ ಅದು ಎಷ್ಟು ಸಹಜವೆಂದರೆ ಯಾರ ಗಮನಕ್ಕೂ ಬರುವುದಿಲ್ಲ. ತುಳುವಿನಲ್ಲಿ ಸಾಕು ಎನ್ನಲು ‘ಯಾವು’ ಎಂಬ ಪುಟ್ಟ ಪದವಿದೆ. ಮಧ್ಯಾಹ್ನದ ಹೊತ್ತಿಗೆ ಗದ್ದೆಯ ನಡುವೆ ನೆಟ್ಟಗೆ ನಿಂತು ಯಾವು ಎನ್ನಬಲ್ಲ ಮೂಲದಾಳು ಹೆಂಗಸು ಯಾವ ಕಾಲಕ್ಕೆ ಹುಟ್ಟಿದಳು? ಹಾಡು ನೋವನ್ನು ತಗ್ಗಿಸಿತು ಎಂಬುದೂ ನಿಜ, ಹಾಡು ಆ ಪದವನ್ನು ಗಂಟಲಿಂದ ಇನ್ನಷ್ಟು ದೂರ ಮಾಡಿತು ಎಂಬುದೂ ನಿಜ. ಎರಡರಲ್ಲಿ ಒಂದನ್ನು ಮಾತ್ರ ಹೇಳುವುದನ್ನು ನಾನು ಅರೆಸತ್ಯ ಎನ್ನುತ್ತೇನೆ.

ವಿಜ್ಞಾನ ಇದನ್ನೆಲ್ಲ ಏಕೆ ಹೇಳಬೇಕು, ಅದು ಅದರ ಕೆಲಸವೇ ಅಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ಸಿ. ವಿ. ರಾಮನ್ ಮತ್ತು ಅವರ ಸಂಗಡಿಗರೊಬ್ಬರು 1920ರಲ್ಲಿ ‘ನೇಚರ್’ನಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ಮಾಮೂಲು ಡೋಲಿನ ಪೆಟ್ಟಿನಲ್ಲಿ ಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಸದ್ದಾಗುತ್ತವೆ; ಮೃದಂಗದ ನಡುವೆ ಮೆತ್ತಿದ ಕರಣೆಯ ಭಾರದಿಂದ ಅವು ತಂತಿವಾದ್ಯದಂತೆ ಹೊಂದಿಕೊಂಡು ನಾದವಾಗುತ್ತವೆ ಎಂದು ತೋರಿಸಿದರು. ನಮ್ಮ ಮದ್ದಳೆಯ ಕರಣೆಗೂ ಸಲ್ಲುವ ಮಾತದು. ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳಿದ ಲೇಖನ. ಮೃದಂಗ ಏಕೆ ಬೇಕು, ಅದರಿಂದ ಮನುಷ್ಯಕುಲಕ್ಕೆ ಏನು ಒಳಿತು ಎಂಬ ಮಾತಿಗೆ ಅವರು ಹೋಗಲಿಲ್ಲ. ಈಗಿನ ಜನಪ್ರಿಯ ಪುಸ್ತಕಗಳ ಮೇಲೆ ನನ್ನ ದೂರು ಅವು ವಿಜ್ಞಾನವನ್ನಷ್ಟೇ ಹೇಳುತ್ತವೆ ಎಂದಲ್ಲ. ಅವು ವಿಜ್ಞಾನವನ್ನು ಹೇಳುತ್ತಲೇ ಯಾವಾಗಲೋ ಒಳಿತಿನ ಮಾತಿಗೆ ಜಾರುತ್ತವೆ. ಒಳಿತು ಎಂದಮೇಲೆ ಯಾರ ಒಳಿತು ಎಂದು ಹೇಳಬೇಕಾಗುತ್ತದೆ, ಆಗ ‘ನಮ್ಮ’ ಎಂದುಬಿಡುತ್ತವೆ. ಆ ‘ನಾವು’ ಯಾರು ಎಂದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಂತ್ರದೊಳಗೆ ಮಲಗಿರುವ ಒಂದು ತಲೆ. ಅದಕ್ಕೆ ಜಾತಿಯಿಲ್ಲ, ಕೂಲಿಯಿಲ್ಲ, ಸೊಂಟವೂ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಆ ಹೆಂಗಸರಿಗೆ ನಾನೂ ಅನ್ಯಾಯ ಮಾಡಿದಂತಾಗುತ್ತದೆ. ಹಾಡನ್ನು ನೋವಿನ ಮಾತ್ರೆಯೆಂದು ಕಂಡವರಲ್ಲಿ ವಿಜ್ಞಾನಿಯ ಜೊತೆ ನಾನೂ ಸೇರಿಕೊಂಡೆನಲ್ಲ! ಮಾಂಟ್ರಿಯಲ್‌ನ ಪ್ರಯೋಗದಲ್ಲಿ ಹೊರಗಿಟ್ಟ ಪದಗಳನ್ನು ಈಗ ಒಳಗೆ ಕರೆಯಬೇಕು. ನೇಜಿ ನೆಡುವಾಗ ಅವರು ಹಾಡುತ್ತಿದ್ದದ್ದು ಏನನ್ನು? ಹಲವು ಪಾಡ್ದನಗಳು ಗದ್ದೆಯಲ್ಲೇ ಬಾಳಿದವು, ಅವುಗಳಲ್ಲಿ ಸಿರಿಯದೂ ಒಂದು. ಸತ್ಯನಾಪುರದ ಅರಮನೆಯಲ್ಲಿ ಬೆರ್ಮರ ವರದಿಂದ ಹುಟ್ಟಿದ ಸಿರಿಯನ್ನು ಬಸ್ರೂರಿನ ಕಾಂತು ಪೂಂಜನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಅವಳು ಬಸುರಿಯಾದಾಗ ಬಯಕೆಯ ಸೀರೆ ತರಲು ಹೋದವನು ಸಿದ್ದು ಎಂಬ ಸೂಳೆಯ ಮನೆ ಹೊಕ್ಕು, ಅವಳು ಉಟ್ಟು ಬಿಟ್ಟ ಸೀರೆಯನ್ನು ಮಡಚಿ ತರುತ್ತಾನೆ. ನೆರೆದ ನೆಂಟರ ನಡುವೆ ಸಿರಿ ಆ ಸೀರೆಯನ್ನು ಒಲ್ಲೆ ಎನ್ನುತ್ತಾಳೆ. ಮುಂದೆ ಗಂಡನ ಸಂಬಂಧವನ್ನೇ ಕಡಿದುಕೊಂಡು, ಮಗು ಕುಮಾರನೊಡನೆ ಮನೆ ಬಿಟ್ಟು ಹೊರಡುತ್ತಾಳೆ. ಕೆಸರಿನಲ್ಲಿ ಬಾಗಿ ನಿಂತ ಹೆಂಗಸರ ಬಾಯಲ್ಲಿ ಇದ್ದದ್ದು ‘ಯಾವು’ ಎಂದ ಹೆಂಗಸಿನ ಕತೆ.

ಸಿರಿಪಾಡ್ದನ ಎಷ್ಟು ದೊಡ್ಡದೆಂದು ಓದುವ ಜಗತ್ತಿಗೆ ಗೊತ್ತಾದದ್ದು ಇದೇ ಬೆಳ್ತಂಗಡಿ ತಾಲೂಕಿನಿಂದ. ಉಜಿರೆಯ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಹಾಡಿ ಹೇಳಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೊ, ಅನೇಲಿ ಹೊಂಕೊ, ನಮ್ಮ ಬಿ. ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ದಾಖಲಿಸಿಕೊಂಡರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲುಗಳಿದ್ದವು. ಹೋಮರನ ‘ಇಲಿಯಡ್’ ಇರುವುದು 15,693 ಸಾಲು. ಹತ್ತೇ ಸಾಲು ಹೆಚ್ಚು. ಒಬ್ಬ ಮನುಷ್ಯನ ತಲೆಯಲ್ಲಿ ಇಷ್ಟು ಹೇಗೆ ನಿಲ್ಲುತ್ತದೆ? ಇದೂ ಸಂಗೀತ ಮತ್ತು ಮಿದುಳಿನ ಪ್ರಶ್ನೆಯೇ. ಹೊಂಕೊ ಹುಡುಕಿಕೊಂಡ ಉತ್ತರ ಬಾಯಿಪಾಠ ಎಂಬುದಲ್ಲ. ಹಾಡುಗಾರನ ಮನಸ್ಸಿನಲ್ಲಿ ಕತೆಯ ಹಾದಿ, ಮತ್ತೆ ಮತ್ತೆ ಬರುವ ಸಾಲುಗಳು, ಸನ್ನಿವೇಶಗಳನ್ನು ಕಟ್ಟುವ ಕ್ರಮ ಎಲ್ಲ ಸೇರಿದ ಒಂದು ‘ಮನೋಪಠ್ಯ’ ಇರುತ್ತದೆ. ಸಂದರ್ಭ ನೋಡಿ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಮಿದುಳಿನ ಬಗ್ಗೆ ನಾನು ಓದಿದ್ದರಲ್ಲಿ ಎಲ್ಲಕ್ಕಿಂತ ತೃಪ್ತಿ ಕೊಟ್ಟ ವಿವರಣೆಗಳಲ್ಲಿ ಇದೂ ಒಂದು, ಅದನ್ನು ಕೊಟ್ಟವರು ಜಾನಪದದವರಾದರೂ. ಹಾಡುವವರ ಎದುರು ಕೂತು, ಕೇಳಿ, ಕೇಳಿ ಕಟ್ಟಿದ ವಿವರಣೆ ಅದು.

ಸಿರಿಜಾತ್ರೆಯಲ್ಲಿ ನಡೆಯುವುದೂ ಮಿದುಳಿನ ಪುಸ್ತಕಗಳ ಹಳೆಯ ಊಹೆಯೊಂದಕ್ಕೆ ಜಗ್ಗುವುದಿಲ್ಲ. ಡೋಲಿನ ಪೆಟ್ಟು ಮಿದುಳಿನ ಲಯವನ್ನೇ ತನ್ನ ಹಿಡಿತಕ್ಕೆ ತೆಗೆದುಕೊಂಡು ಆವೇಶ ಬರಿಸುತ್ತದೆ ಎಂದು 1960ರ ದಶಕದಲ್ಲಿ ಒಂದು ವಾದ ಬಂದಿತ್ತು. ಫ್ರಾನ್ಸಿನ ಜಿಲ್ಬರ್ ರೂಝೆ 1980ರಲ್ಲಿ ಅದನ್ನು ಅಲ್ಲಗಳೆದರು: ತನ್ನಷ್ಟಕ್ಕೇ ಆವೇಶ ಬರಿಸುವ ಸಂಗೀತ ಎಂಬುದೊಂದು ಇಲ್ಲ, ಆವೇಶ ಬರುವುದು ಅದಕ್ಕೊಂದು ಅರ್ಥವಿರುವ ಸಮಾಜದಲ್ಲಿ, ಆ ಅರ್ಥವನ್ನು ಕಲಿತವರಿಗೆ. ನಂದಳಿಕೆಯಲ್ಲೋ ಹಿರಿಯಡ್ಕದಲ್ಲೋ ಹುಣ್ಣಿಮೆಯ ರಾತ್ರಿ ಹಿಂಗಾರ ಹಿಡಿದು ನಿಂತ ಹೆಂಗಸರಿಗೆ ಮೈದುಂಬುವುದು ತಮಾಷೆ ನೋಡಲು ಬಂದವರಿಗೆ ಆಗುವುದಿಲ್ಲ. ಗಾಳಿಯಲ್ಲಿ ಬರುವ ಸದ್ದು ಇಬ್ಬರಿಗೂ ಒಂದೇ. ಮನೆಯಲ್ಲಿ ಹೇಳಲಾಗದ್ದನ್ನು ಅವಳು ಅಲ್ಲಿ ಸಿರಿಯಾಗಿ, ಅಬ್ಬಗೆಯಾಗಿ, ದಾರಗೆಯಾಗಿ ಹೇಳುತ್ತಾಳೆ. ಕುಮಾರ ಪಾತ್ರಧಾರಿ ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ, ಮನೆಯವರೂ. ಗದ್ದೆಯಲ್ಲಿ ಮಳೆಯ ಸದ್ದಿನಡಿಯಲ್ಲಿ ಹಾಡಿಕೊಂಡ ಕತೆಗೆ ವರ್ಷಕ್ಕೊಂದು ರಾತ್ರಿ ಬಾಯಿ ಬರುತ್ತದೆ.

ಹಾಗಾದರೆ ನೇಜಿಯ ಹಾಡು ಧಣಿಯ ಕಡೆಗಿತ್ತೋ ಹೆಂಗಸರ ಕಡೆಗೋ? ಲಯ ಒಬ್ಬರಿಗೆ ದುಡಿಯಿತು, ಪದ ಇನ್ನೊಬ್ಬರಿಗೆ ದುಡಿಯಿತು ಎಂದು ಹಂಚಿಬಿಡಬಹುದು. ಅದು ತೀರಾ ಸಲೀಸಾದ ಪಾಲು. ಸೊಂಟನೋವು ಕಡಿಮೆಯಾದದ್ದು ಹೆಂಗಸಿಗೂ ಒಳಿತೇ. ಸಿರಿಯ ಕತೆ ಅಷ್ಟು ತಲೆಮಾರು ಹಾಡಿದರೂ ಕೂಲಿ ಅಕ್ಕಿ ಒಂದು ಹಿಡಿಯಷ್ಟು ಹೆಚ್ಚಾಗಲಿಲ್ಲ ಎಂಬುದೂ ಇದೆ. ಬದಲಾವಣೆ ಬಂದದ್ದು ಹಾಡಿನಿಂದಲ್ಲ, 1974ರ ಭೂಸುಧಾರಣಾ ಕಾಯಿದೆಯಿಂದ. ದಕ್ಷಿಣ ಕನ್ನಡದಲ್ಲಿ ಅದು ಬೇರೆಡೆಗಿಂತ ಗಟ್ಟಿಯಾಗಿ ಜಾರಿಯಾಯಿತು. ಗೇಣಿ ಒಕ್ಕಲುಗಳ ಹೆಸರಿಗೆ ಭೂಮಿ ಬಂತು, ಕಟ್ಟಪುಣಿಯ ಮೇಲಿನ ಕೊಡೆ ಮಡಚಿತು. ಗೇಣಿಯೂ ಇಲ್ಲದೆ ಬರಿಯ ಕೈಯಲ್ಲಿ ನೇಜಿ ನೆಟ್ಟವರಲ್ಲಿ ಹೆಚ್ಚಿನವರಿಗೆ ಆ ಕಾಯಿದೆಯಿಂದ ಗದ್ದೆ ಬರಲಿಲ್ಲ.

ಈಗ ಗದ್ದೆಗಳೇ ಕಡಿಮೆ. ಇರುವ ಗದ್ದೆಗಳಿಗೂ ನಾಟಿ ಯಂತ್ರ ಇಳಿಯುತ್ತಿದೆ. ಮಳೆಗಾಲದ ಭಾನುವಾರಗಳಲ್ಲಿ ಊರೂರಿನ ಸಂಘಗಳು ‘ಕೆಸರ್‌ಡ್ ಒಂಜಿ ದಿನ’ ಎಂದು ಆಟೋಟ ನಡೆಸುತ್ತವೆ. ಕೆಸರಿಗೆ ಇಳಿಯುವವರೆಲ್ಲ ಇಷ್ಟಪಟ್ಟು ಇಳಿಯುವವರು, ಸಂಜೆಗೆ ಮೈ ತೊಳೆದುಕೊಂಡು ಮನೆಗೆ ಹೋಗುವವರು. ಅಲ್ಲಿ ಮೈಕಿನಲ್ಲಿ ಓಬೇಲೆ ಹಾಡಿಸುತ್ತಾರೆ, ಪಾಡ್ದನದ ಸ್ಪರ್ಧೆ ಇಡುತ್ತಾರೆ. ಕಾಲೇಜು ಹುಡುಗಿಯರು ಚೆನ್ನಾಗಿಯೇ ಹಾಡುತ್ತಾರೆ. ಇದನ್ನು ನಕಲಿ ಎಂದು ಹೀಗಳೆಯುವವರ ಜೊತೆ ನಾನಿಲ್ಲ; ಯಾರ ಅಪ್ಪಣೆಯೂ ಇಲ್ಲದೆ ಆ ಹಾಡನ್ನು ಹಾಡುವುದು ಎಷ್ಟೋ ಅಜ್ಜಿಯರ ಪಾಲಿಗೆ ಬಾರದೇ ಹೋದ ಸುಖ. ಆದರೆ ಸಮಯ ಕಡಿಮೆ ಎಂದು ನಾಲ್ಕು ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ. ಸಿರಿ ಹುಟ್ಟಿ, ತೊಟ್ಟಿಲಿಗೆ ಹಾಕಿ, ಹೆಸರಿಡುವಷ್ಟರಲ್ಲಿ ನಾಲ್ಕು ನಿಮಿಷ ಮುಗಿಯುತ್ತದೆ. ಸೀರೆಯ ಪ್ರಸಂಗಕ್ಕೆ ಇನ್ನೂ ತುಂಬ ದೂರವಿರುತ್ತದೆ.